ಮಹಾನಂದಳ ಮಗುವಿನ ಸಾಮಾನು ನಮ್ಮ ಮನೆಯಲ್ಲಿತ್ತು

ಮಹಾನಂದ ನಮ್ಮ ಎದುರು ಮನೆಯವಳು. ಚಾಮರಾಜಪೇಟೆ ಐದನೇ ಮೇನಿನಲ್ಲಿ ಅವಳದು ಅಪ್ಪ ಕಟ್ಟಿಸಿದ ಮನೆ. ನಮ್ಮದು ಬಾಡಿಗೆ ಮನೆ, ಮುಂದಿನ ಕೋಣೆಯೇ ಹಾಲಿನ ಬೂತು. ಬೂತನ್ನು ಮೊದಲು ನಮ್ಮ ಯಜಮಾನರು ಮಾಯಣ್ಣ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಕೂರುತ್ತೇನೆ.

ಮಹಾನಂದಳ ಅಪ್ಪ ನಂಜುಂಡಯ್ಯನವರಿಗೆ ಬಳೇಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ ಇತ್ತು. ಈಗಲೂ ಇದೆ. ಮದುವೆ, ಗೃಹಪ್ರವೇಶ, ನಾಮಕರಣ, ಎಲ್ಲದಕ್ಕೂ ಅಲ್ಲಿ ಕಾರ್ಡು ಮಾಡಿಕೊಡುತ್ತಾರೆ. ಬೋರ್ಡಿನ ಮೇಲೆ ‘ನಂಜುಂಡಯ್ಯ ಅಂಡ್ ಸನ್ಸ್’ ಎಂದು ಬರೆದಿದೆ. ಮಗ ಇರುವುದು ಒಬ್ಬರೇ, ವಿಶ್ವಾರಾಧ್ಯ. ಅವರು ಕರೆಂಟಿನ ಕಂಟ್ರಾಕ್ಟು ಹಿಡಿದು ಮಲ್ಲೇಶ್ವರಕ್ಕೆ ಹೋದರು. ಅಂಗಡಿಯಲ್ಲಿ ಕೂತವಳು ಮಗಳು. ಬೋರ್ಡು ಬದಲಾಯಿಸೆ ಎಂದರೆ, “ಇರ್ಲಿ ಬಿಡಿ ವಿಶಾಲಕ್ಕ, ಪೇಂಟು ಇನ್ನೂ ಚೆನ್ನಾಗಿದೆ” ಎನ್ನುತ್ತಾಳೆ.

ಅವಳಿಗೆ ಮದುವೆ ಆಗಲಿಲ್ಲ. ಅಮ್ಮ ಬೇಗ ಹೋದರು. ಅಪ್ಪನಿಗೆ ಲಕ್ವ ಹೊಡೆಯಿತು. ನೋಡಲು ಬಂದ ಗಂಡುಗಳಿಗೆಲ್ಲ, ಅಪ್ಪನನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ ಎಂದಳು. ಅವರು ಕಾಫಿ ಕುಡಿದು ಎದ್ದು ಹೋದರು. ಇದನ್ನು ಅವಳು ಅತ್ತುಕೊಂಡು ಹೇಳುವುದಿಲ್ಲ. “ಎಷ್ಟು ಕೇಸರಿಬಾತು ದಂಡ ಆಯ್ತು ಗೊತ್ತಾ” ಎಂದು ನಗುತ್ತಾಳೆ. ಅವಳ ನಗು ಜೋರು. ಬೀದಿ ತುದಿಗೆ ಕೇಳುತ್ತದೆ.

ನಂಜುಂಡಯ್ಯನವರೂ ಹೋದರು. ಅಷ್ಟು ದೊಡ್ಡ ಮನೆಯಲ್ಲಿ ಅವಳೊಬ್ಬಳು. ಅದಾಗಿ ಕೆಲವು ವರ್ಷಕ್ಕೆ ನಮ್ಮ ಯಜಮಾನರು ಹೋದರು. ಬೆಳಿಗ್ಗೆ ಹಾಲಿನ ಕ್ರೇಟು ಇಳಿಸಿದರು, ಎದೆ ಹಿಡಿದುಕೊಂಡು ಕೂತರು, ಅಷ್ಟೇ. ಆಮೇಲೆ ಮಂಡ್ಯದಿಂದ ಮಗಳು ಯಮುನಾ ಬಂದು, ನಮ್ಮನೆಗೆ ಬಾರಮ್ಮ ಎಂದು ಕರೆದಳು. ನಾನು ಹೋಗಲಿಲ್ಲ. ಹಾಲು ಯಾರು ಹಾಕುತ್ತಾರೆ ಎಂದೆ. ಅವಳು ಹೋದ ದಿನ ಯಜಮಾನರ ಕೋಣೆಯ ಬಾಗಿಲು ಹಾಕಿದೆ. ಅವರ ಮಂಚ, ಮೊಳೆಗೆ ನೇತುಹಾಕಿದ ಸ್ವೆಟರು, ಮಂಕಿ ಟೋಪಿ ಎಲ್ಲ ಹಾಗೇ ಇದ್ದವು. ನಾನು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗುತ್ತಿದ್ದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಗಿರಾಕಿಗಳು ಕರಗಿದ ಮೇಲೆ ಮಹಾನಂದ ಬಂದಳು. ಖಾಲಿ ಕ್ರೇಟನ್ನು ಮಗುಚಿ ಹಾಕಿ ಅದರ ಮೇಲೆ ಕೂತಳು.

“ವಿಶಾಲಕ್ಕ, ಒಂದ್ ಮಾತು ಹೇಳ್ತೀನಿ. ನಗಬಾರ್ದು.”

“ನಗೋ ಕಾಲ ಅಲ್ಲ ನಂದು. ಹೇಳು.”

“ನಂಗೊಂದು ಮಗು ಬೇಕು.”

ನಾನು ಅವಳ ಹೊಟ್ಟೆ ನೋಡಿದೆ.

“ಅಯ್ಯೋ, ಅದಲ್ಲ! ದತ್ತು ತಗೊಳೋದು!”

“ಹಂಗ್ ಹೇಳು. ನನ್ನ ಎದೆನೇ ನಿಂತೋಗಿತ್ತು.”

ಅವಳು ನಕ್ಕಳು. ನಾನೂ ನಕ್ಕೆ. ಯಜಮಾನರು ಹೋದ ಮೇಲೆ ಅದೇ ಮೊದಲು. ನಕ್ಕ ಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೆ.

“ಗಂಡ ಇಲ್ದಿರೋಳಿಗೆ ಕೊಡ್ತಾರೇನೆ?” ಎಂದೆ.

“ಅದನ್ನೇ ಕೇಳ್ಕೊಂಡ್ ಬರ್ತೀನಿ. ಮಕ್ಕಳ ರಕ್ಷಣೆ ಆಫೀಸು ಅಂತ ಇದೆಯಂತೆ.”

ಎರಡು ದಿನ ಬಿಟ್ಟು ಅಂಗಡಿಗೆ ರಜ ಹಾಕಿ ಹೋಗಿಬಂದಳು. ಅದೇ ಕ್ರೇಟಿನ ಮೇಲೆ ಕೂತು ಹೇಳಿದಳು.

“ಹೆಂಗಸು ಒಂಟಿಯಾಗಿದ್ರೂ ಕೊಡ್ತಾರೆ. ಮಗು ಗಂಡಾದ್ರೂ ಸರಿ, ಹೆಣ್ಣಾದ್ರೂ ಸರಿ. ಗಂಡಸು ಒಂಟಿಯಾಗಿದ್ರೆ ಹೆಣ್ಮಗು ಕೊಡಲ್ಲ.”

“ಅದು ಸರಿ.”

“ಗಂಡ ಹೆಂಡ್ತಿ ಆದ್ರೆ ಎರಡು ವರ್ಷ ಚೆನ್ನಾಗಿ ಸಂಸಾರ ಮಾಡಿರ್ಬೇಕು. ಇಬ್ಬರೂ ಒಪ್ಪಿರ್ಬೇಕು.”

“ಚೆನ್ನಾಗ್ ಮಾಡಿದ್ರು ಅಂತ ಯಾರು ಹೇಳೋದು? ನಮ್ಮೆಜಮಾನ್ರೂ ನಾನೂ ಎರಡು ದಿನ ಜಗಳ ಬಿಟ್ಟಿದ್ದು ನೆನಪಿಲ್ಲ.”

“ಮೈಯಲ್ಲಿ ದೊಡ್ಡ ಕಾಯಿಲೆ ಇರ್ಬಾರ್ದು. ಸಾಕೋ ಶಕ್ತಿ ಇರ್ಬೇಕು. ಜೈಲಿಗೆ ಹೋಗಿರ್ಬಾರ್ದು.”

“ನೀನು ಹೋಗಿಲ್ಲ ತಾನೆ?”

ಈ ಸಲ ಅವಳು ನಗಲಿಲ್ಲ. ಹಾಲಿನ ಪ್ಯಾಕೆಟ್ಟಿನ ತುದಿಯನ್ನು ಬೆರಳಲ್ಲಿ ತಿರುಚುತ್ತಾ ಕೂತಳು.

“ವಯಸ್ಸಿನ ಲೆಕ್ಕ ಇದೆ ವಿಶಾಲಕ್ಕ. ಒಂಟಿ ಹೆಂಗಸಿಗೆ ನಲವತ್ತು ದಾಟಿದ್ರೆ ಎರಡು ವರ್ಷದೊಳಗಿನ ಕೂಸು ಕೊಡಲ್ಲ. ನಲವತ್ತೈದರ ತನಕ ಆದ್ರೆ ಎರಡರಿಂದ ನಾಲ್ಕು ವರ್ಷದ್ದು. ಅದೂ ದಾಟಿದ್ರೆ ಇನ್ನೂ ದೊಡ್ಡದು. ನಂಗೆ ಮಾರ್ಚ್ ಬಂದ್ರೆ ನಲವತ್ತೈದು ತುಂಬುತ್ತೆ.”

ಆಗ ದೀಪಾವಳಿ ಕಳೆದಿತ್ತು.

“ಮಗು ಅಂದ್ರೆ ಎತ್ಕೊಳ್ಳೋದು ಅಂದ್ಕೊಂಡಿದ್ದೆ. ಎಣ್ಣೆ ಹಚ್ಚೋದು, ನೀರ್ ಹಾಕೋದು. ಎರಡು ವರ್ಷದ್ದು ಆಗ್ಲೇ ಓಡುತ್ತೆ.”

“ಓಡಿದ್ರೆ ಹಿಂದೆ ಓಡು. ಮಂಡಿ ಗಟ್ಟಿ ಇದೆಯಲ್ಲ.”

ಆ ದಿನ ಅವಳು ಎದ್ದು ಹೋದಳು. ಸಂಜೆ ಅವಳ ಮನೆಯಿಂದ ಟೀವಿ ಸದ್ದು ಕೇಳಿಸಲಿಲ್ಲ. ಮಾರನೇ ದಿನ ಬಂದವಳೇ, “ಎರಡು ವರ್ಷದ್ದಾದ್ರೆ ಹೇಲು ಉಚ್ಚೆ ಕಾಟ ಕಡಿಮೆ, ಅಲ್ವಾ?” ಎಂದಳು. ನಾನು ಹೂಂ ಎಂದೆ. ಅವಳು ತೀರ್ಮಾನ ಮಾಡಿಯಾಗಿತ್ತು.

ಹೆಸರು ಬರೆಸುವುದೆಲ್ಲ ಕಂಪ್ಯೂಟರಿನಲ್ಲಿ. ಅಂಗಡಿಯಲ್ಲಿ ಕೂತು ಅವಳೇ ಮಾಡಿದಳು. ಹೆಸರು ಬರೆಸಿದ ದಿನದ ವಯಸ್ಸೇ ಲೆಕ್ಕಕ್ಕಂತೆ, ಆಮೇಲೆ ಎಷ್ಟು ಕಾದರೂ ಪರವಾಗಿಲ್ಲವಂತೆ. ಡಾಕ್ಟರ ಹತ್ತಿರ ಹೋಗುವಾಗ ಹೆದರಿದ್ದಳು. ಅವಳಿಗೆ ಥೈರಾಯ್ಡ್. ಡಾಕ್ಟರು, “ಇದಕ್ಕೆ ಬೇಡ ಅಂದ್ರೆ ಅರ್ಧ ಬೆಂಗಳೂರಿಗೆ ಮಕ್ಕಳು ಇರ್ಬಾರ್ದು ಕಣಮ್ಮ” ಎಂದು ಬರೆದುಕೊಟ್ಟರಂತೆ. ಇನ್ನು ಉಳಿದದ್ದು ಒಂದೇ. ಆಫೀಸಿನಿಂದ ಒಬ್ಬರು ಮನೆ ನೋಡಲು ಬರುತ್ತಾರೆ. ಅವರು ಸರಿ ಎಂದರೆ ಆಯಿತು. ಬೇಡ ಎಂದರೆ ಮತ್ತೆ ಮೊದಲಿಂದ ಬರೆಸಬೇಕು. ಅಷ್ಟರಲ್ಲಿ ಮಾರ್ಚ್ ಬಂದುಬಿಡುತ್ತದೆ. ಆಮೇಲೆ ನಾಲ್ಕು ದಾಟಿದ ಮಗುವಿಗೇ ಕಾಯಬೇಕು.

ಈಗ ಸಾಮಾನಿನ ವಿಷಯ ಹೇಳಬೇಕು.

ಬರುವ ಮಗುವಿಗೆ ಮೊದಲೇ ಮನೆಯೊಳಗೆ ಸಾಮಾನು ತಂದು ಇಡುವುದಿಲ್ಲ. ಖಾಲಿ ತೊಟ್ಟಿಲು ಇಡುವುದಿಲ್ಲ, ಹೊಸ ಬಟ್ಟೆ ತರುವುದಿಲ್ಲ. ನಮ್ಮ ಕಡೆಯೂ ಹೀಗೇ, ಅವರ ಕಡೆಯೂ ಹೀಗೇ. ಮಗು ಬಂದ ಮೇಲೆ ಯಾರದಾದರೂ ಚೆನ್ನಾಗಿ ಬೆಳೆದ ಮಗುವಿನ ಹಳೇ ಬಟ್ಟೆ ಮೊದಲು ಹಾಕುತ್ತಾರೆ. ಎಲ್ಲರಿಗೂ ಹೇಳಿಕೊಂಡು ತಿರುಗುವುದೂ ಇಲ್ಲ. ಕಣ್ಣು ಬೀಳುತ್ತದೆ.

ಮಹಾನಂದ ಲಿಂಗ ಕಟ್ಟಿಕೊಂಡವಳು. ಅವರಲ್ಲಿ ಸೂತಕ ಇಲ್ಲ. ನಮ್ಮ ಯಜಮಾನರು ಹೋದ ಮೂರನೇ ದಿನವೇ ನಮ್ಮನೆಗೆ ಬಂದು, ನನ್ನ ಪಕ್ಕ ಕೂತು, ನನ್ನ ಒಲೆಯ ಮೇಲೆ ಅನ್ನ ಮಾಡಿ ನನಗೆ ಉಣ್ಣಿಸಿದವಳು. ಅಂಥವಳು ಖಾಲಿ ತೊಟ್ಟಿಲಿಗೆ ಹೆದರಿದಳು.

“ಸೂತಕಕ್ಕೆ ಹೆದರಲ್ಲ, ಇದಕ್ಕೆ ಹೆದರ್ತೀಯಲ್ಲೇ” ಎಂದೆ.

“ಅದು ಅಪ್ಪ ಹೇಳ್ಕೊಟ್ಟಿದ್ದು. ಇದು ಅಮ್ಮ ಹೇಳಿದ್ದು. ಅಮ್ಮ ಹೇಳಿದ್ದಕ್ಕೆ ಯಾರ್ ಹೆದರಲ್ಲ?”

ಆದರೆ ಸಾಮಾನು ಬರುತ್ತಲೇ ಇತ್ತು. ಅವಳಿಗೆ ತಡೆಯಲು ಆಗಲಿಲ್ಲ. ಗಾಂಧಿ ಬಜಾರಿಗೆ ಹೋದರೆ ಪುಟ್ಟ ಸ್ಟೀಲ್ ತಟ್ಟೆ ತರುವಳು. ಬಣ್ಣದ ಪುಸ್ತಕ ತರುವಳು. ತರುವುದು, ಹೊಸಲು ದಾಟಿಸಲು ಹೆದರಿ ಬೀದಿಯಲ್ಲಿ ನಿಲ್ಲುವುದು.

“ವಿಶಾಲಕ್ಕ, ನಿಮ್ಮನೇಲಿ ಇಡ್ಲಾ?”

“ಬೂತಲ್ಲಿ ಇಡು.”

ಬೂತಿನಲ್ಲಿ ಎಷ್ಟು ಹಿಡಿಯುತ್ತದೆ? ಒಂದು ದಿನ ಅಟ್ಟದಿಂದ ಇಳಿಸಿದ ಮೂರು ಚಕ್ರದ ಸೈಕಲ್ಲು ತಂದಳು. ಅವಳ ಅಣ್ಣನದು, ಆಮೇಲೆ ಅವಳು ಓಡಿಸಿದ್ದು. ಗಟ್ಟಿ ಕಬ್ಬಿಣ, ಕೆಂಪು ಬಣ್ಣ, ಹ್ಯಾಂಡಲಿಗೆ ಗಂಟೆ. ಬೂತಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಯಜಮಾನರ ಕೋಣೆಯ ಬಾಗಿಲು ತೆಗೆದೆ.

ಒಳಗೆ ಧೂಳು ಇತ್ತು. ಅವರ ವಾಸನೆಯೂ ಇತ್ತು. ಮಹಾನಂದ ಹೊಸಲಲ್ಲೇ ನಿಂತಳು.

“ಬೇಡ ಬಿಡಿ ವಿಶಾಲಕ್ಕ.”

“ತಂದಿಡು. ಅವ್ರೇನು ಬೇಡ ಅಂತಾರಾ?”

ಮಂಚದ ಈಚೆಗೆ ಗೋಡೆ ಪಕ್ಕ ಸೈಕಲ್ಲು ನಿಲ್ಲಿಸಿದೆವು. ಆಮೇಲೆ ಪುಟ್ಟ ಮಂಚ ಬಂತು. ಯಮುನಾಳಿಗೆ ಹೇಳಿ ಅವಳ ಮಗಳ ಹಳೇ ಫ್ರಾಕು, ಸ್ವೆಟರು ತರಿಸಿದೆ. ಗಂಡುಮಗು ಬಂದರೆ ಎಂದು ಎರಡು ಚಡ್ಡಿಯನ್ನೂ ಕಳಿಸಿದ್ದಳು. ಸಾಮಾನು ಇಡಲು ಹೋದಾಗಲೆಲ್ಲ ಕೋಣೆ ಗುಡಿಸಿದೆ. ಇಲ್ಲದಿದ್ದರೆ ಗುಡಿಸುತ್ತಿರಲಿಲ್ಲ.

ಮನೆ ನೋಡಲು ಬಂದವಳ ಹೆಸರು ಸೌಂದರ್ಯಾ. ಇನ್ನೂ ಚಿಕ್ಕ ವಯಸ್ಸು. ಸ್ಕೂಟರಿನಲ್ಲಿ ಬಂದಳು. ಅಕ್ಕಪಕ್ಕದವರ ಹತ್ತಿರವೂ ಮಾತಾಡಬೇಕು ಎಂದು ಹೇಳಿದ್ದರಿಂದ ನಾನು ಮೊದಲೇ ಹೋಗಿ ಅಡಿಗೆಮನೆಯಲ್ಲಿ ಕಾಫಿಗೆ ಇಟ್ಟಿದ್ದೆ. ಅಲ್ಲಿಂದ ಎಲ್ಲ ಕೇಳುತ್ತದೆ.

ಮಹಾನಂದ ಮನೆಯನ್ನು ಕನ್ನಡಿ ಹಾಗೆ ಒರೆಸಿದ್ದಳು. ಮಗುವಿನ ಕೋಣೆಯಲ್ಲಿ ಒಂದು ಕಡ್ಡಿ ಇರಲಿಲ್ಲ.

“ಮಗು ಎಲ್ಲಿ ಮಲಗುತ್ತೆ ಮೇಡಂ?” ಎಂದಳು ಸೌಂದರ್ಯಾ.

“ಈ ರೂಮಲ್ಲೇ.”

“ಇಲ್ಲಿ ಏನೂ ಕಾಣ್ತಿಲ್ವಲ್ಲ?”

“ಏನೂ ತಂದಿಲ್ಲ ಮೇಡಂ. ಒಂದ್ ಕರ್ಚೀಫು ಕೂಡ ತಂದಿಲ್ಲ.”

ಸರಿಯಾದ ಉತ್ತರ ಹೇಳಿದವಳ ಹಾಗೆ ತಲೆ ಎತ್ತಿ ಹೇಳಿದಳು.

“ಆಟದ ಸಾಮಾನು? ಪುಸ್ತಕ?”

“ಇಲ್ಲ. ಈ ಮನೇಲಿ ಏನಂದ್ರೆ ಏನೂ ಇಲ್ಲ.”

“ನಿಮ್ಮ ಮನೆಯವ್ರು ಏನಂತಾರೆ? ಅಣ್ಣ ಇದಾರೆ ಅಂತ ಹಾಕಿದೀರಿ.”

“ಅಣ್ಣನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ ಮೇಡಂ. ನೆಂಟ್ರು ಒಬ್ರಿಗೂ ಗೊತ್ತಿಲ್ಲ.”

ಇದನ್ನೂ ಹೆಮ್ಮೆಯಿಂದಲೇ ಹೇಳಿದಳು. ನಾನು ಕಾಫಿ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದೆ. ಸೌಂದರ್ಯಾಳ ಪೆನ್ನು ನಿಂತುಹೋಗಿತ್ತು.

“ಮೇಡಂ, ತಪ್ಪು ತಿಳ್ಕೋಬೇಡಿ. ಬೇರೆ ಮನೆಗಳಲ್ಲಿ ಗೋಡೆಗೆ ಬಣ್ಣ ಹೊಡ್ಸಿ, ಗೊಂಬೆ ತಂದು ಕಾಯ್ತಾ ಇರ್ತಾರೆ. ನೀವು ಒಂದೂ ತಂದಿಲ್ಲ, ಒಬ್ರಿಗೂ ಹೇಳಿಲ್ಲ. ನಿಮಗೆ ನಿಜವಾಗ್ಲೂ ಮನಸ್ಸಿದೆಯಾ? ಇಲ್ಲ ಅಂದ್ರೂ ತಪ್ಪಿಲ್ಲ. ಈಗ್ಲೇ ಹೇಳಿದ್ರೆ ಒಳ್ಳೇದು. ಮಗು ಬಂದ್ಮೇಲೆ ಬೇಡ ಅನ್ಸಿದ್ರೆ ಕಷ್ಟ.”

ಮಹಾನಂದ ಸೀರೆಯ ಮೇಲಿಂದ ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದುಕೊಂಡಳು. ನನ್ನನ್ನು ನೋಡಿದಳು.

ನಾನು ಕಾಫಿ ಲೋಟ ಕೆಳಗಿಟ್ಟೆ.

“ಏನಮ್ಮಾ, ನಿಂಗೆ ಮದ್ವೆ ಆಗಿದ್ಯಾ?”

“ಆಗಿದೆ ಅಮ್ಮ.”

“ಮಕ್ಕಳು?”

“ಒಂದು. ಎರಡು ವರ್ಷ.”

“ಹುಟ್ಟೋಕ್ ಮುಂಚೆ ತೊಟ್ಟಿಲು ತಂದಿದ್ರಾ?”

ಅವಳು ಪೆನ್ನಿನ ಕ್ಯಾಪು ಹಾಕಿದಳು.

“ನಾನು ಆನ್‌ಲೈನಲ್ಲಿ ತರ್ಸಿದ್ದೆ. ನಮ್ಮತ್ತೆ ಪಕ್ಕದ್ಮನೇಲಿ ಇಡ್ಸಿದ್ರು” ಎಂದಳು.

“ನಾನೇ ಆ ಪಕ್ಕದ್ಮನೆ. ಬಾ ನನ್ ಜೊತೆ.”

ರಸ್ತೆ ದಾಟಿಸಿ ಕರೆದುಕೊಂಡು ಬಂದೆ. ಯಜಮಾನರ ಕೋಣೆಯ ಬಾಗಿಲು ತೆಗೆದು ಲೈಟು ಹಾಕಿದೆ. ಪುಟ್ಟ ಮಂಚ, ಅದರ ಮೇಲೆ ಒಗೆದು ಮಡಿಸಿಟ್ಟ ಬಟ್ಟೆ. ತಟ್ಟೆ, ಲೋಟ, ಚಮಚ. ಚಿತ್ರದ ಪುಸ್ತಕ. ಮಳೆಗೆ ಕೊಡೆ, ಅದಕ್ಕೆ ಎರಡು ಕಿವಿ. ಎರಡು ಅಳತೆಯ ಚಪ್ಪಲಿ, ಕಾಲು ಎಷ್ಟಿರುತ್ತೋ ಎಂದು. ಕೆಂಪು ಸೈಕಲ್ಲು.

ಸೌಂದರ್ಯಾ ನೋಡುತ್ತಾ ಹೋಗಿ ನಮ್ಮ ಯಜಮಾನರ ಮಂಚದ ಮೇಲೆ ಕೂತುಬಿಟ್ಟಳು. ಅವರು ಹೋದ ಮೇಲೆ ಅದರ ಮೇಲೆ ಯಾರೂ ಕೂತಿರಲಿಲ್ಲ.

“ಇದ್ಯಾರ ರೂಮು ಅಮ್ಮ?”

“ನಮ್ಮೆಜಮಾನ್ರದ್ದು. ಅವ್ರಿಲ್ಲ. ಜಾಗ ಇತ್ತು.”

ಮಹಾನಂದ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಸೌಂದರ್ಯಾ ಎದ್ದು ಸೈಕಲ್ಲಿನ ಗಂಟೆ ಒಮ್ಮೆ ಹೊಡೆದಳು. ಆಮೇಲೆ ತುಂಬಾ ಹೊತ್ತು ಬರೆದಳು. ಹೋಗುವ ಮುಂಚೆ ಎರಡು ಮಾತು ಹೇಳಿದಳು.

“ಮೇಡಂ, ಮಗುಗೆ ಮುಂದೆ ನಿಜ ಹೇಳ್ಬೇಕು. ಎಲ್ಲಿಂದ ಬಂದೆ ಅಂತ ಮುಚ್ಚಿಡೋ ಹಾಗಿಲ್ಲ. ಇನ್ನೊಂದು, ನೀವು ಒಂಟಿ. ನಿಮಗೇನಾದ್ರೂ ಆದ್ರೆ ನಾನು ನೋಡ್ಕೋತೀನಿ ಅಂತ ನೆಂಟ್ರಲ್ಲಿ ಯಾರಾದ್ರೂ ಬರ್ದು ಕೊಡ್ಬೇಕು. ಯಾರಿಗೂ ಹೇಳ್ದೇ ಇದ್ರೆ ಯಾರು ಬರ್ಕೊಡ್ತಾರೆ?”

“ನಾನ್ ಕೊಡ್ತೀನಿ” ಎಂದೆ.

“ನಿಮಗೆಷ್ಟು ವಯಸ್ಸು ಅಮ್ಮ?”

“ಅರವತ್ತೆರಡು.”

ಅವಳು ನಕ್ಕಳು. “ನಿಮ್ಮನ್ನ ನೋಡ್ಕೊಳೋಕೇ ಒಬ್ರು ಬೇಕಾಗುತ್ತೆ.”

ಹುಡುಗಿ ಮಾತು ಸರಿಯಾಗಿಯೇ ಇತ್ತು.

ಆ ಭಾನುವಾರ ಮಾರ್ಕೆಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದೆವು. ಮಹಾನಂದ ದಾರಿಯುದ್ದಕ್ಕೂ, “ಅಣ್ಣ ಬೈತಾನೆ” ಎನ್ನುತ್ತಿದ್ದಳು. ವಿಶ್ವಾರಾಧ್ಯ ಬೈಯುವವರಲ್ಲ. ಮುಖ ದಪ್ಪ ಮಾಡಿಕೊಳ್ಳುವವರು. ಅದು ಇನ್ನೂ ಕಷ್ಟ.

ಅವರ ಮನೆಯಲ್ಲಿ ಅವರೂ ಮಗಳು ತನುಶ್ರೀಯೂ ಇದ್ದರು. ಹೆಂಡತಿ ತವರಿಗೆ ಹೋಗಿದ್ದರು. ತನುಶ್ರೀಗೆ ಮದುವೆಯಾಗಿ ಶೇಷಾದ್ರಿಪುರದಲ್ಲಿ ಮನೆ, ಭಾನುವಾರ ಅಪ್ಪನ ಮನೆಗೆ ಬರುತ್ತಾಳೆ. ಮಹಾನಂದ ಒಂದೇ ಉಸಿರಿಗೆ ಎಲ್ಲ ಹೇಳಿದಳು. ವಿಶ್ವಾರಾಧ್ಯ ಪೇಪರು ಮಡಿಸಿದರು.

“ಎಷ್ಟು ದಿನದಿಂದ ನಡೀತಿದೆ ಇದು?”

“ದೀಪಾವಳಿಯಿಂದ ಅಣ್ಣ.”

“ಹಾಲಿನ ಬೂತಿನವ್ರಿಗೆ ಗೊತ್ತು. ಅವರ ಮಂಡ್ಯದ ಮಗಳಿಗೆ ಗೊತ್ತು. ಒಡಹುಟ್ಟಿದವನಿಗೆ ಗೊತ್ತಿಲ್ಲ.”

“ಆಗ್ಲಿಲ್ಲ ಅಂದ್ರೆ ಎಲ್ರೂ ಅಯ್ಯೋ ಪಾಪ ಅಂತೀರಿ ಅಂತ ಹೇಳ್ಲಿಲ್ಲ. ಅಪ್ಪ ಹೋದಾಗಿಂದ ಅದೇ ಕೇಳ್ತಾ ಇದೀನಿ.”

ಅವರು ಕಿಟಕಿ ಕಡೆ ನೋಡಿದರು. “ಯಾರ ಮಗುನೋ ಏನೋ. ಲಿಂಗ ಕಟ್ಟಿಸ್ತೀಯಾ?”

“ಕಟ್ಟಿಸ್ತೀನಿ. ಕಟ್ಟಿದ್ಮೇಲೆ ಯಾರ ಮಗು ಅಂತ ಕೇಳೋ ಹಾಗಿಲ್ಲ. ಅಪ್ಪ ದಿನಾ ಹೇಳ್ತಿದ್ದದ್ದು ಅದೇ ತಾನೆ?”

ಅಷ್ಟರಲ್ಲಿ ತನುಶ್ರೀ ಅಡಿಗೆಮನೆಯಿಂದ ಬಂದು, “ಅತ್ತೆ, ನಾನ್ ಬರ್ಕೊಡ್ತೀನಿ. ನಮ್ಮನೆಯವ್ರೂ ಸೈನ್ ಮಾಡ್ತಾರೆ. ಅಪ್ಪಂಗೆ ಹೇಗಿದ್ರೂ ವಯಸ್ಸಾಯ್ತು” ಎಂದಳು.

“ಯಾರಿಗೇ ವಯಸ್ಸಾಗಿರೋದು?” ಎಂದರು ವಿಶ್ವಾರಾಧ್ಯ.

“ಅಪ್ಪಾ, ನೀವು ಮೆಟ್ರೋದಲ್ಲಿ ಸೀನಿಯರ್ ಸೀಟಲ್ಲಿ ಕೂತ್ಕೋತೀರಲ್ವಾ?”

ಅವರು ಮಡಿಸಿದ ಪೇಪರನ್ನು ಇನ್ನೊಂದು ಸಲ ಮಡಿಸಿದರು. ತಂಗಿಯನ್ನು ನೋಡದೆಯೇ ಕೇಳಿದರು.

“ಮಗುಗೆ ಆಡೋಕೆ ಏನಾದ್ರೂ ಇದೆಯಾ?”

“ನಿನ್ನ ಸೈಕಲ್ಲು ಇಳಿಸಿದೀನಿ ಅಣ್ಣ.”

“ನಂದಾ? ಗಂಟೆ ಇನ್ನೂ ಹೊಡ್ಯುತ್ತಾ?”

“ಹೊಡ್ಯುತ್ತೆ.”

“ಎಡಗಡೆ ಪೆಡಲ್ಲು ಸಡಿಲ ಅದು. ನಾನು ಬಂದು ಸರಿ ಮಾಡ್ತೀನಿ. ನೀನು ಮುಟ್ಬೇಡ.”

ಮಹಾನಂದ ನಕ್ಕಳು. ಮಲ್ಲೇಶ್ವರದ ಆ ಬೀದಿಗೂ ಅವಳ ನಗು ಗೊತ್ತಾಯಿತು.

ಸೌಂದರ್ಯಾ ಸರಿ ಎಂದು ಬರೆದಳು. ಆಮೇಲೆ ಕಾಯುವುದು. ಇದನ್ನು ನಮಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಕಾಯುವ ಮನೆಗಳು ಜಾಸ್ತಿ, ಮಕ್ಕಳು ಕಡಿಮೆ. ಎರಡು ವರ್ಷ ದಾಟಿತು. ಅವಳಿಗೆ ನಲವತ್ತೈದು ತುಂಬಿತು, ನಲವತ್ತಾರು ತುಂಬಿತು, ನಲವತ್ತೇಳೂ ತುಂಬಿತು. ಅಂಗಡಿಯಲ್ಲಿ ಬೇರೆಯವರ ಮಕ್ಕಳ ನಾಮಕರಣದ ಕಾರ್ಡು ಮಾಡಿಸುತ್ತಾ ಕೂತಳು. ನಾನು ಹಾಲು ಹಾಕುತ್ತಾ ಕೂತೆ. ಸಂಜೆ ಅವಳು ಬಂದು ಆ ಕೋಣೆಯಲ್ಲಿ ಬಟ್ಟೆ ಮಡಿಕೆ ಬದಲಿಸುವಳು. ನಾನು ಯಜಮಾನರ ಸ್ವೆಟರು ಬಿಸಿಲಿಗೆ ಹಾಕಿ ಮತ್ತೆ ಅದೇ ಮೊಳೆಗೆ ಹಾಕುವೆನು. ಅವಳು ಬರುವವರಿಗೆ ಮಾಡುತ್ತಿದ್ದಳು, ನಾನು ಹೋದವರಿಗೆ. ಕೆಲಸ ಎರಡೂ ಒಂದೇ ಥರ ಇತ್ತು.

ಹೋದ ವರ್ಷ ಶ್ರಾವಣದಲ್ಲಿ ಫೋನು ಬಂತು. ಹೆಣ್ಣುಮಗು, ಎರಡೂವರೆ ವರ್ಷ. ಬೆಂಗಳೂರಿಂದ ಒಂದು ರಾತ್ರಿ ಪ್ರಯಾಣದಷ್ಟು ದೂರದ ಊರಿನ ಶಿಶುಮಂದಿರದಲ್ಲಿತ್ತು. ಫೋಟೋ ನೋಡಿ ಬೇಗ ಹೇಳಬೇಕಿತ್ತು. ಮಹಾನಂದ ಫೋಟೋ ಪೂರ್ತಿ ತೆರೆಯುವ ಮುಂಚೆಯೇ ಹೂಂ ಎಂದಳು. ಅಣ್ಣ, ತನುಶ್ರೀ ಜೊತೆಗೆ ಹೋದರು. ನನಗೆ ಬೂತು ಬಿಟ್ಟು ಹೋಗಲಾಗಲಿಲ್ಲ. ಅಲ್ಲಿ ಅವರ ಕಮಿಟಿಯವರು ಮತ್ತೆ ಎಲ್ಲ ಕೇಳಿ, ಮಗುವನ್ನು ಕೊಟ್ಟರು. ಜಿಲ್ಲಾಧಿಕಾರಿಗಳ ಆರ್ಡರು ಆಮೇಲೆ ಬಂತು.

ಮಗು ಬರುವ ದಿನ ಬೆಳಿಗ್ಗೆ ಫೋನು ಮಾಡಿ, “ಊರೊಳಗೆ ಬಂದ್ವಿ. ಈಗ ದಾಟ್ಸಿ ವಿಶಾಲಕ್ಕ” ಎಂದಳು. ನಾನೂ ಬೀದಿಗೆ ಪೇಪರು ಹಾಕುವ ರವಿಕುಮಾರನೂ ಸೇರಿ ಮಂಚ, ಬಟ್ಟೆ, ಸೈಕಲ್ಲು ಎಲ್ಲ ರಸ್ತೆ ದಾಟಿಸಿದೆವು. ಮಗು ಬರುವ ಹೊತ್ತಿಗೆ ಅದರ ಕೋಣೆ ತುಂಬಿತ್ತು. ಹಿಂದಿರುಗಿ ಬಂದರೆ ನಮ್ಮ ಕೋಣೆಯಲ್ಲಿ ಯಜಮಾನರ ಮಂಚ ಒಂದೇ. ಬಾಗಿಲು ಹಾಕಲಿಲ್ಲ. ಯಾಕೋ ಹಾಕಲು ಕೈ ಬರಲಿಲ್ಲ.

ಶಿಶುಮಂದಿರದಲ್ಲಿ ಮಗುವಿಗೆ ಸಾನ್ವಿ ಎಂದು ಇಟ್ಟಿದ್ದರು. ಮಹಾನಂದ ತನ್ನ ಅಮ್ಮನ ಹೆಸರು ಇಡಬೇಕು ಎಂದುಕೊಂಡಿದ್ದಳು. ಆದರೆ ಮಗು ಸಾನ್ವಿ ಎಂದರೆ ತಿರುಗುತ್ತಿತ್ತು. “ತಿರುಗೋ ಹೆಸರು ಯಾಕೆ ಕೆಡಿಸ್ಲಿ” ಎಂದು ಬಿಟ್ಟಳು. ಲಿಂಗ ಕಟ್ಟಿಸಿದಳು. ಎಲ್ಲರನ್ನೂ ಊಟಕ್ಕೆ ಕರೆಯಲು ತನ್ನ ಅಂಗಡಿಯಲ್ಲೇ ಕಾರ್ಡು ಮಾಡಿಸಿದಳು. ಕರೆಯುವವರ ಜಾಗದಲ್ಲಿ ಅವಳ ಹೆಸರೊಂದೇ ಇತ್ತು. ವಿಶ್ವಾರಾಧ್ಯ ಅಂಗಡಿಗೇ ಹೋಗಿ, ಕೆಳಗೆ ಸೋದರಮಾವ ಎಂದು ತಮ್ಮ ಹೆಸರು ಹಾಕಿಸಿಕೊಂಡು ಬಂದರು. ಸೌಂದರ್ಯಾಳೂ ಊಟಕ್ಕೆ ಬಂದಿದ್ದಳು, ಮಗನನ್ನು ಕರೆದುಕೊಂಡು.

ಮಗು ಮೊದಲು ಸುಮ್ಮನಿತ್ತು. ಅಳುವುದಿಲ್ಲ, ಕೇಳುವುದಿಲ್ಲ. ಎಲ್ಲ ಹೆಂಗಸರನ್ನೂ ಅಮ್ಮ ಎನ್ನುತ್ತಿತ್ತು. ನನ್ನನ್ನೂ ತನುಶ್ರೀಯನ್ನೂ ತರಕಾರಿಯವಳನ್ನೂ. ಮಹಾನಂದಳಿಗೆ ಸ್ವಲ್ಪ ನೋವಾಯಿತು. ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹಾಲಿಗೆ ಬರುತ್ತಿದ್ದಳು. ಮೊದಲ ವಾರ ಒಂದು ದಿನ ಮಗು ಕೆಳಗಿಳಿದು, ತನ್ನ ಲೋಟ ಹಿಡಿದುಕೊಂಡು ಹೋಗಿ ಕ್ಯೂನ ಕೊನೆಯಲ್ಲಿ ನಿಂತಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಶಿಶುಮಂದಿರದಲ್ಲಿ ಹಾಗೆ ಅಭ್ಯಾಸ, ಸಾಲಲ್ಲಿ ನಿಂತರೆ ಹಾಲು. ಮುಂದೆ ನಿಂತಿದ್ದ ಗಂಡಸರು, “ಬಾ ಮರಿ, ಮುಂದೆ ಬಾ” ಎಂದು ಜಾಗ ಬಿಟ್ಟರು. ಅದು ಹೋಗಲಿಲ್ಲ. ತನ್ನ ಸರದಿ ಬರುವ ತನಕ ನಿಂತು, ಲೋಟ ಎತ್ತಿ ಹಿಡಿಯಿತು. ನಾನು ಕಾಯಿಸಿದ ಹಾಲು ತಂದು ಹಾಕಿದೆ. ಮಹಾನಂದ ಆಚೆ ತಿರುಗಿ ನಿಂತಿದ್ದಳು.

ದಿನಾ ಹೀಗೇ ನಡೆಯಿತು. ನಾವು ಬೇಡ ಎನ್ನಲಿಲ್ಲ.

ಸೈಕಲ್ಲಿನ ಪೆಡಲ್ಲನ್ನು ವಿಶ್ವಾರಾಧ್ಯ ಸರಿ ಮಾಡಿದ್ದರು. ಆದರೆ ಮಹಾನಂದಳ ಮನೆಯಲ್ಲಿ ಟೈಲ್ಸು, ಚಕ್ರ ಜಾರುತ್ತದೆ. ನಮ್ಮದು ಹಳೇ ರೆಡ್ ಆಕ್ಸೈಡ್ ನೆಲ. ಒಂದು ಸಂಜೆ ಸಾನ್ವಿಯೇ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಮ್ಮ ಮನೆ ಕಡೆಗೆ ಎಳೆಯತೊಡಗಿದಳು. ಮಹಾನಂದ ಸೈಕಲ್ಲು ಎತ್ತಿ ರಸ್ತೆ ದಾಟಿಸಿದಳು. ಮಗು ನಡುಮನೆಯಲ್ಲಿ ಓಡಿಸಿತು, ಅಲ್ಲಿಂದ ಯಜಮಾನರ ಕೋಣೆಗೆ ಹೋಯಿತು, ಮಂಚಕ್ಕೆ ಡಿಕ್ಕಿ ಹೊಡೆಯಿತು. ಹಿಂದೆ ಬಂದು ಮತ್ತೆ ಹೊಡೆಯಿತು. ಆ ಮಂಚ ಇದ್ದರೆ ಕೋಣೆಯಲ್ಲಿ ತಿರು‍ಗಿಸಲು ಜಾಗ ಇಲ್ಲ.

“ಸಾನ್ವಿ, ಅಲ್ಲಿ ಬೇಡ ಪುಟ್ಟಿ” ಎಂದಳು ಮಹಾನಂದ.

ಮಾರನೇ ದಿನ ರವಿಕುಮಾರನನ್ನು ಕರೆದು ಮಂಚ ಬಿಚ್ಚಿಸಿದೆ. ಅವನ ಅಪ್ಪನಿಗೆ ಬೆನ್ನು ನೋವು, ನೆಲದ ಮೇಲೆ ಮಲಗುತ್ತಿದ್ದರು. ತೆಗೆದುಕೊಂಡು ಹೋಗು ಎಂದೆ. ಸ್ವೆಟರು, ಟೋಪಿ ಮೊಳೆಯಲ್ಲೇ ಇವೆ. ಅವು ಜಾಗ ಹಿಡಿಯುವುದಿಲ್ಲ. ಕೋಣೆ ತೊಳೆದೆ. ತೊಳೆಯುವಾಗ ಅತ್ತೆ. ಮುಗಿಸಿ ಬೂತಿಗೆ ಬಂದು ಕೂತೆ.

ಈಗ ಸಾನ್ವಿಗೆ ಮೂರು ದಾಟಿದೆ. ಮಹಾನಂದಳನ್ನು ಮಾತ್ರ ಅಮ್ಮ ಎನ್ನುತ್ತಾಳೆ. ನನಗೆ ಅಜ್ಜಿ. ತರಕಾರಿಯವಳಿಗೆ ಸೊಪ್ಪು ಆಂಟಿ. ಸೈಕಲ್ಲು ನಮ್ಮ ಮನೆಯಲ್ಲೇ ನಿಲ್ಲುತ್ತದೆ.

ಮೊನ್ನೆ ಬೆಳಿಗ್ಗೆ ಬೂತಿನ ಮುಂದೆ ಜನ ಇದ್ದರು. ಮಹಾನಂದ ಒಬ್ಬಳೇ ಕ್ಯೂನಲ್ಲಿ ನಿಂತಿದ್ದಳು. ಮಗು ಎಲ್ಲೇ ಎಂದು ಕೇಳುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಗಂಟೆ ಹೊಡೆಯಿತು. ಪಕ್ಕದ ಬಾಗಿಲಿಂದ ಒಳಗೆ ಬಂದು, ಯಜಮಾನರ ಕೋಣೆಯಿಂದ ಸೈಕಲ್ಲು ಹೊಡೆದುಕೊಂಡು, ನಡುಮನೆ ದಾಟಿ ಬೂತಿನೊಳಗೇ ಬಂದಿದ್ದಳು. ಇಳಿದು ನನ್ನ ಸೆರಗು ಎಳೆದಳು.

“ಅಜ್ಜಿ, ಹಾಲು. ಈಗ್ಲೇ.”

“ಏ ಮರಿ, ಕ್ಯೂ ಬಿಟ್ಟು ನುಗ್ಗಿಬಿಟ್ಯಲ್ಲೇ!” ಎಂದರು ಮುಂದೆ ನಿಂತಿದ್ದ ಶ್ರೀನಿವಾಸಯ್ಯ.

“ನಾವೆಲ್ಲ ಕಾಯ್ತಾ ಇಲ್ವಾ?” ಎಂದ ಇನ್ನೊಬ್ಬ.

ಸಾನ್ವಿ ಅವರನ್ನು ನೋಡಿದಳು. ಜಾಗ ಬಿಡಲಿಲ್ಲ. ಕ್ಯೂನ ಕೊನೆಯಲ್ಲಿದ್ದ ಮಹಾನಂದ ನಕ್ಕ ನಗು ಬೀದಿ ತುದಿಗೆ ಕೇಳಿರಬೇಕು. ನಾನು ಎಲ್ಲರನ್ನೂ ನಿಲ್ಲಿಸಿ ಅವಳಿಗೆ ಮೊದಲು ಹಾಕಿದೆ.